ಐಸ್ ಗುಡ್ಡದ ಮೇಲೆ ಬಿದ್ದ ನೆರಳು

ಹೋದ ತಿಂಗಳು ಮೊಮ್ಮಗನ ಹೊಸ ಮನೆಗೆ ಬಾಗಿಲವಾಡ ಕೊಳ್ಳಲು ದೊಡ್ಡಬಳ್ಳಾಪುರದ ಮರದ ಮಿಲ್ಲಿಗೆ ಹೋಗಿದ್ದೆ. ಮರದ ವ್ಯಾಪಾರಕ್ಕೆ ಗಂಡಸರನ್ನಷ್ಟೇ ಕಳಿಸಬಾರದು. ಬೆಲೆ ಕೇಳುವ ಮೊದಲೇ ಮರವನ್ನು ಹೊಗಳಿಬಿಡುತ್ತಾರೆ. ನಾನು ಹಲಗೆ ತಟ್ಟಿ ನೋಡಿ, ಮೂತಿ ಸೊಟ್ಟಗೆ ಮಾಡಿ, ಇನ್ನೇನು ನನ್ನ ಬೆಲೆ ಹೇಳಬೇಕು, ಅಷ್ಟರಲ್ಲಿ ಗಾಳಿ ಬೀಸಿತು. ಹಿಂದಿನ ದಿನದ ಮಳೆಗೆ ನೆನೆದ ಮರದ ಹೊಟ್ಟಿನ ವಾಸನೆ... ಸೋಡಾ ಅಣ್ಣ ನೆನಪಾದ.

ಅವನು ನಮ್ಮ ಪಕ್ಕದ ಮನೆಯವನು. ಎರಡು ಮನೆಗೂ ನಡುವೆ ಒಂದೇ ಗೋಡೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ದೊಡ್ಡಬೆಳವಂಗಲದ ಕಡೆಯಿಂದ ದೊಡ್ಡಬಳ್ಳಾಪುರಕ್ಕೆ ಮದುವೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಗಂಡನ ಮಗ್ಗದ ಸಂಪಾದನೆ ಸಾಲದೆ ಹುಣಸೆಹಣ್ಣಿನ ಬುಟ್ಟಿ ತಲೆ ಮೇಲೆ ಹೊತ್ತುಕೊಂಡೆ. ಸೋಡಾ ಅಣ್ಣನಿಗೆ ಪೇಟೆಯಲ್ಲಿ ಗೋಲಿ ಸೋಡಾ ಅಂಗಡಿ ಇತ್ತು. ಬೇಸಿಗೆ ಬಂದರೆ ಬೆಂಗಳೂರಿನಿಂದ ರೈಲಿನಲ್ಲಿ ಐಸ್ ತರುತ್ತಿದ್ದ. ಗೋಣಿಚೀಲದ ತುಂಬ ಮರದ ಹೊಟ್ಟು, ಅದರ ನಡುವೆ ಒಂದು ಐಸ್ ಗಡ್ಡೆ. ಅವನು ಬೀದಿಗೆ ಕಾಲಿಟ್ಟರೆ ಮೊದಲು ಆ ಒದ್ದೆ ಹೊಟ್ಟಿನ ವಾಸನೆ ಬರುತ್ತಿತ್ತು, ಹಿಂದಿನಿಂದ ಅವನು.

ವ್ಯಾಪಾರ ನನಗೆ ಕಲಿಸಿದವನು ಅವನೇ. ಮಂಡಿಯವನು ಹೇಳಿದ ಬೆಲೆಗೇ ಹಣ್ಣು ತಂದ ದಿನ ಬಿದ್ದು ಬಿದ್ದು ನಕ್ಕಿದ್ದ.

“ಲೇ ಅಮ್ಮಣ್ಣಿ, ಹಿಂಗಾದ್ರೆ ನೀನು ಬುಟ್ಟೀನೂ ಮಾರ್ಕೊಂಡು ಬರ್ತೀಯ. ಬೆಲೆ ಕೇಳು, ಮೂಗು ಮುರಿ, ತಿರುಗಿ ನೋಡ್ದೆ ಹೊರಟ್ಹೋಗು. ಅವನೇ ಕರೀತಾನೆ.”

“ಕರೀದೇ ಹೋದ್ರೆ ಅಣ್ಣಾ?”

“ಕರೀದೇ ಇರೋ ವ್ಯಾಪಾರಿ ಇನ್ನೂ ಹುಟ್ಟಿಲ್ಲ ಕಣೆ.”

ಆ ಒಂದು ಮಾತಿನಿಂದಲೇ ನಾನು ಬುಟ್ಟಿಯಿಂದ ಅಂಗಡಿಗೆ, ಅಂಗಡಿಯಿಂದ ಸ್ವಂತ ಮನೆಗೆ ಬಂದೆ ಎಂದರೆ ಸುಳ್ಳಲ್ಲ.

ಅವನಿಗೂ ಅತ್ತಿಗೆಗೂ ಇದ್ದದ್ದು ಒಬ್ಬಳೇ ಮಗಳು. ಐದಾರು ವರ್ಷದ ಹುಡುಗಿ, ಸೋಡಾ ಬಾಟಲಿಯ ಗೋಲಿಗಾಗಿ ದಿನಾ ಅವನನ್ನು ಕಾಡುತ್ತಿತ್ತು. ಒಂದು ಬೇಸಿಗೆಯಲ್ಲಿ ಮಗುವಿಗೆ ಜ್ವರ ಬಂತು. ಇಳಿಯಲೇ ಇಲ್ಲ. ಡಾಕ್ಟರು ಬಂದು ನೋಡಿ, ತಲೆಯ ಮೇಲೆ ಐಸ್ ಇಟ್ಟು ಕಾವು ಇಳಿಸಬೇಕು ಎಂದರು. ಅಣ್ಣ ಬೆಳಗಿನ ರೈಲಿಗೇ ಬೆಂಗಳೂರಿಗೆ ಓಡಿದ. ಮಧ್ಯಾಹ್ನದ ರೈಲಿಗೆ ಬಂದೇ ಬರುತ್ತಾನೆಂದು ನಾವು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕಾದೆವು. ರೈಲು ಬಂತು, ಅವನು ಬರಲಿಲ್ಲ. ಸಂಜೆಯ ರೈಲಿಗೆ ಬಂದ. ಅಷ್ಟರಲ್ಲಿ ಮಗು ಹೋಗಿತ್ತು.

ಹೊತ್ತು ತಂದ ಚೀಲವನ್ನು ಅಂಗಳದಲ್ಲಿ ಇಳಿಸಿದ. ಯಾರೂ ಬಿಚ್ಚಲಿಲ್ಲ. ಅದರಿಂದ ನೀರು ಸೋರಿ ಚರಂಡಿಯ ತನಕ ಹರಿಯಿತು...

“ಐಸೆಲ್ಲಾ ಮಿಲಿಟರಿ ಆಸ್ಪತ್ರೆಗೆ ಹೋಗಿಬಿಟ್ಟಿತ್ತು, ಕಾಯ್ಬೇಕಾಯ್ತು” ಎಂದ. ನಿಜವಿರಬೇಕು ಎಂದುಕೊಂಡೆವು. ಯುದ್ಧದ ಕಾಲದಲ್ಲಿ ಸೀಮೆಎಣ್ಣೆಗೂ ಕಾಯಬೇಕಿತ್ತು. ಐಸ್ ಇದ್ದಿದ್ದರೂ ಮಗು ಉಳಿಯುತ್ತಿತ್ತೆಂದು ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರೂ ಅಂದರು.

ಆಮೇಲೆ ಅವನು ಐಸ್ ತರುವುದನ್ನು ಬಿಟ್ಟ. ಚೌಕಾಸಿಯನ್ನೂ ಬಿಟ್ಟ. ಸೊಪ್ಪಿನವಳು ಹೇಳಿದಷ್ಟು, ಸಕ್ಕರೆಯವನು ಕೇಳಿದಷ್ಟು ತೆಗೆದು ಕೊಟ್ಟುಬಿಡುತ್ತಿದ್ದ. ದುಃಖದಲ್ಲಿ ಮನುಷ್ಯ ಮೆತ್ತಗಾಗಿದ್ದಾನೆ ಎಂದು ನಾನು ತಿಳಿದೆ. ನಿಮಗೊಂದು ಮಾತು ಹೇಳುತ್ತೇನೆ: ವ್ಯಾಪಾರಸ್ಥನ ಚಾಳಿ ಒಂದೇ ದಿನದಲ್ಲಿ ಬದಲಾಯಿತೆಂದರೆ ಅದರ ಹಿಂದೆ ಏನೋ ನಡೆದಿರುತ್ತದೆ. ಆಗ ನನಗೆ ಅಷ್ಟು ತಿಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಮಗುವಿನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಗಂಡ ಹೆಂಡತಿ ಉಪ್ಪು, ಸೌದೆ, ನೀರು ಎಂದು ಬೇಕಾದಷ್ಟೇ ಆಡುತ್ತಿದ್ದರು. ಗೋಡೆ ಒಂದೇ ಆದ್ದರಿಂದ ಮಾತೂ ಕೇಳುತ್ತಿತ್ತು, ಮಾತಿಲ್ಲದ್ದೂ ಕೇಳುತ್ತಿತ್ತು.

ಯುದ್ಧ ಮುಗಿದು ಎರಡು ಮೂರು ವರ್ಷವಾಗಿರಬಹುದು. ಊರ ಹೊರಗೆ ಸಿನಿಮಾ ಟೆಂಟು ಹಾಕಿದರು. ಮೊದಲೊಂದು ಸಣ್ಣ ಚಿತ್ರ, ಆಮೇಲೆ ದೊಡ್ಡ ಪೌರಾಣಿಕ ಚಿತ್ರ. ನೆಲದ ಮೇಲೆ ಮರಳು ಹಾಸಿ, ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಮೋಟುಗೋಡೆ ಕಟ್ಟಿದ್ದರು. ಸೋಡಾ ಅಣ್ಣ ಟೆಂಟಿನ ಬಾಗಿಲಲ್ಲೇ ಸೋಡಾ ಮಾರುತ್ತಿದ್ದ, ಒಳಗೆ ಬಂದು ಕೂತವನಲ್ಲ. ಒಂದು ಸಂಜೆ ಅತ್ತಿಗೆಯನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಮೋಟುಗೋಡೆಯ ಪಕ್ಕದಲ್ಲೇ ಜಾಗ ಹಿಡಿದೆ.

ಅವತ್ತಿನ ಸಣ್ಣ ಚಿತ್ರ ಹಡಗುಗಳದು. ಯಾವುದೋ ದೇಶದವರು ಯುದ್ಧ ಮುಗಿಸಿಕೊಂಡು, ಅದೇ ಯುದ್ಧದ ಹಡಗುಗಳನ್ನು ಭೂಮಿಯ ದಕ್ಷಿಣದ ತುದಿಗೆ ಕಳಿಸಿದ್ದರಂತೆ. ಇಂಗ್ಲಿಷಿನಲ್ಲಿ ಒಬ್ಬ ಬಿಡುವಿಲ್ಲದೆ ಹೇಳುತ್ತಿದ್ದ, ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ಕಣ್ಣಿಗೆ ಕಂಡದ್ದಕ್ಕೆ ಭಾಷೆ ಏಕೆ? ಸಮುದ್ರವೇ ಗಟ್ಟಿಯಾಗಿ ಬಿಟ್ಟಿತ್ತು. ಮುಂದಿನ ಹಡಗು ಮೂತಿಯಿಂದ ಗುದ್ದಿ ಗುದ್ದಿ ಬಿರುಕು ಬಿಡಿಸುತ್ತಿತ್ತು, ಉಳಿದವು ಅದರ ಹಿಂದೆ ಸಾಲಾಗಿ ತೆವಳುತ್ತಿದ್ದವು. ಪಕ್ಕದಲ್ಲಿ ನಂದಿಬೆಟ್ಟದಷ್ಟು ಬಿಳಿ ಗುಡ್ಡಗಳು ತೇಲುತ್ತಿದ್ದವು. ಕೋಟು ತೊಟ್ಟಂತಿದ್ದ ಹಕ್ಕಿಗಳು ಗುಂಪಾಗಿ ಬಂದಾಗ ಟೆಂಟೆಲ್ಲ ನಗು.

“ನೋಡ್ರಲೇ, ಕೋರ್ಟು ಬಿಡ್ತು, ವಕೀಲರೆಲ್ಲ ಹೊರಗೆ ಬಂದ್ರು!”

“ಅಯ್ಯೋ ಅವ್ರ ಮನೆ ಹಾಳಾಗ, ಗುಂಡು ಹೊಡೆಯೋ ಹಡಗನ್ನ ಐಸ್ ಒಡೆಯೋಕೆ ಇಟ್ಕೊಂಡವ್ರಲ್ಲೋ!”

ಅಷ್ಟರಲ್ಲಿ ಸೋಡಾ ಅಣ್ಣ ಖಾಲಿ ಬಾಟಲಿ ಆಯಲು ಒಳಗೆ ಬಂದ. ಬಗ್ಗಿಕೊಂಡು ಆಯುತ್ತಿದ್ದವನು ತಲೆ ಎತ್ತಿದ. ಪರದೆಯ ಮೇಲೆ ನಾವಿಕರು ಹಡಗಿನ ಅಟ್ಟದ ಮೇಲೆ ಕಟ್ಟಿಕೊಂಡಿದ್ದ ಐಸನ್ನು ಹಾರೆಯಿಂದ ಒಡೆದು, ಸಲಿಕೆಯಿಂದ ಎತ್ತಿ ಸಮುದ್ರಕ್ಕೆ ಎಸೆಯುತ್ತಿದ್ದರು. ಕಸ ಎಸೆದ ಹಾಗೆ. ಒಬ್ಬ ನಗುತ್ತಿದ್ದ.

ಅಣ್ಣ ನೆಟ್ಟಗೆ ನಿಂತುಬಿಟ್ಟ. ಅವನ ನೆರಳು ಹೋಗಿ ಆ ಬಿಳಿ ಗುಡ್ಡದ ಮೇಲೆ ಬಿತ್ತು.

“ಏಯ್ ಸೋಡಾ, ಕೂತ್ಕೊಳಯ್ಯಾ! ದುಡ್ಡು ಕೊಟ್ಟಿರೋದು ನಿನ್ ಬೆನ್ನು ನೋಡೋಕಲ್ಲ!”

ಅವನಿಗೆ ಕೇಳಿಸಲಿಲ್ಲ.

“ಎಸೀತಾವ್ರಲ್ಲಾ...” ಎಂದ. ಧ್ವನಿ ಜೋರಾಗಿರಲಿಲ್ಲ, ಆದರೂ ನಮ್ಮ ಕಡೆಗೆ ಕೇಳಿತು. “ನಾನು ಒಂದೇ ಒಂದು ಗಡ್ಡೆಗೆ ಚೌಕಾಸಿ ಮಾಡ್ದೆ. ಬಾಯಿ ತಾನಾಗೇ ಕೇಳ್ಬಿಡ್ತು. ಬೆಲೆ ಜಾಸ್ತಿ ಅಂತ ತಿರುಗಿ ಹೊರಟೆ. ಅವನು ಕರೀಲಿಲ್ಲ. ವಾಪಸ್ ಹೋಗೋದ್ರಲ್ಲಿ ಗಡ್ಡೆ ಇನ್ಯಾರಿಗೋ ಕೊಟ್ಟಿದ್ದ. ಬೇರೆ ಬರೋವರ್ಗೂ ಕಾದೆ, ರೈಲು ತಪ್ಪೋಯ್ತು... ಮಗೂನೂ ಹೋಯ್ತು.”

ಚಿತ್ರದ ಇಂಗ್ಲಿಷಿನವನೊಬ್ಬ ಮಾತ್ರ ಹೇಳುತ್ತಲೇ ಇದ್ದ.

ನನ್ನ ಪಕ್ಕದಿಂದ ಅತ್ತಿಗೆ ಎದ್ದಳು. ಮೋಟುಗೋಡೆಯ ಮೇಲೆ ಕೈಯಿಟ್ಟು ಹೇಳಿದಳು: “ನಂಗೊತ್ತು. ಬನ್ನಿ ಈಚೆಗೆ. ಮನೇಗ್ಹೋಗಾಣ.”

ಅವನು ಅವಳ ಕಡೆ ತಿರುಗಿಸಿದ ಮುಖ... ಅದನ್ನು ನಾನು ಬರೆಯಲಾರೆ. ಇಬ್ಬರೂ ಹೊರಗೆ ಹೋದರು, ಬಾಟಲಿಗಳು ಮರಳಿನಲ್ಲೇ ಉಳಿದವು. ಆಮೇಲೆ ಶುರುವಾದ ದೊಡ್ಡ ಚಿತ್ರ ಏನೆಂದು ನನಗೆ ನೆನಪಿಲ್ಲ.

ಮಾರನೆಯ ದಿನ ಬಾವಿಯ ಹತ್ತಿರ ಅತ್ತಿಗೆಯನ್ನು ಕೇಳಿದೆ. “ನಿಂಗೆ ಹೆಂಗೆ ಗೊತ್ತಾಯ್ತು ಅತ್ಗೆ? ಯಾರು ಹೇಳಿದ್ರು?”

“ಯಾರ್ಯಾಕೆ ಹೇಳ್ಬೇಕು? ಕೊತ್ತಂಬ್ರಿ ಸೊಪ್ಪಿಗೂ ಜಗಳ ಆಡೋರು, ಕೇಳಿದಷ್ಟು ಕೊಟ್ಟು ಬರೋಕೆ ಶುರು ಮಾಡಿದ್ರಲ್ಲ, ಅವತ್ತೇ ಗೊತ್ತಾಯ್ತು.”

“ಅವತ್ತೇ ಅಣ್ಣನ್ನ ಕೇಳ್ಬಾರ್ದಾಗಿತ್ತಾ?”

“ಕೇಳಿದ್ರೆ ಅವ್ರು ಬದುಕ್ತಿದ್ರಾ?” ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು. “ಸಿಟ್ಟಿಲ್ಲ ಅಂತಲ್ಲ ಅಮ್ಮಣ್ಣಿ. ಸಿಟ್ಟು ಇಟ್ಕೊಂಡೇ ಅನ್ನ ಬಡಿಸೋದು ಅಭ್ಯಾಸ ಆಗೋಗಿತ್ತು.”

ನಾನು ನನ್ನ ಕೊಡ ಎತ್ತಿಕೊಂಡು ಅವಳ ಹಿಂದೆ ಹೊರಟೆ.

ಆ ವಾರದಿಂದ ಗೋಡೆಯಾಚೆ ಮಾತು ಕೇಳತೊಡಗಿತು. ಮಗು ಹೀಗೆ ಮಾಡುತ್ತಿತ್ತು, ಹಾಗೆ ಅನ್ನುತ್ತಿತ್ತು... ಹೆಸರು ಹಿಡಿದೇ ಆಡುತ್ತಿದ್ದರು. ಕೆಲವೊಮ್ಮೆ ಅಳು, ಒಂದೆರಡು ಸಲ ಜೋರು ಜಗಳ, ಅಪರೂಪಕ್ಕೆ ಅಣ್ಣನ ನಗು. ನಾನು ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಕೆಲವು ವರ್ಷದ ಮೇಲೆ ಅಂಗಡಿ ಮಾರಿ ಅತ್ತಿಗೆಯ ತವರು ಬೂದಿಗೆರೆಗೆ ಹೋದರು. ಅಲ್ಲಿ ಮೊದಲು ಅಣ್ಣ, ಆಮೇಲೆ ಅತ್ತಿಗೆ ತೀರಿಕೊಂಡರೆಂದು ಯಾರೋ ಹೇಳಿದರು. ಮತ್ತೆ ಮಕ್ಕಳಾಗಿರಲಿಲ್ಲ.

ಬಾಗಿಲವಾಡ ಕೊಂಡು ಬಂದಾಗಿನಿಂದ ಆ ಮಗುವಿನ ಹೆಸರು ನೆನಪಿಸಿಕೊಳ್ಳಲು ನೋಡುತ್ತಿದ್ದೇನೆ. ದಿನಾ ಸಂಜೆ ಕೇಳುತ್ತಿದ್ದ ಹೆಸರು. ನಾಲಿಗೆಯ ತುದಿಗೆ ಬಂದಂತಾಗಿ ಜಾರುತ್ತದೆ... ಆ ಬೇಸಿಗೆಯ ಹುಣಸೆಹಣ್ಣಿನ ಧಾರಣೆ ಕೇಳಿ, ಈಗಲೂ ತಡವರಿಸದೆ ಹೇಳುತ್ತೇನೆ. ಹೆಸರು ಮಾತ್ರ ಹೋಗಿಬಿಟ್ಟಿದೆ. ಕೇಳೋಣವೆಂದರೆ ಅದನ್ನು ಬಲ್ಲವರು ಯಾರೂ ಉಳಿದಿಲ್ಲ.