ಮೂವತ್ತು ಅಕ್ಷರದ ಜಾಗ

ಆಕೆ ಅತ್ತಳು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಅತ್ತಿರಲಿಲ್ಲ. ಅತ್ತಿದ್ದರೆ ಬರೆಯುವುದು ನನಗೆ ಸುಲಭವಾಗುತ್ತಿತ್ತು, ಅಷ್ಟೇ.

ಎಂಬತ್ತರ ದಶಕದ ಕೊನೆ. ಹರಪನಹಳ್ಳಿಯಿಂದ ಬಸ್ಸು ಹಿಡಿದು ಕೊಟ್ಟೂರಿಗೆ ಹೋಗಿ, ಅಲ್ಲಿನ ಕಾಲೇಜೊಂದರ ಹೊಸ ಕಂಪ್ಯೂಟರಿನಲ್ಲಿ ಫಲಿತಾಂಶದ ಪಟ್ಟಿ ಅಚ್ಚುಮಾಡುವ ಪ್ರೋಗ್ರಾಂ ಬರೆಯುತ್ತಿದ್ದೆ. ಸುತ್ತಮುತ್ತ ಸಿ ಭಾಷೆ ಬಲ್ಲವನು ನಾನೊಬ್ಬನೇ ಎಂಬ ಸೊಕ್ಕಿತ್ತು. ಹೆಸರು ತುಂಬಲು ಟೈಪಿಂಗ್ ಬಲ್ಲ ಒಬ್ಬ ಹೆಂಗಸನ್ನು ಹಂಗಾಮಿಯಾಗಿ ತೆಗೆದುಕೊಂಡಿದ್ದರು. ಪಟ್ಟಿ ತಪ್ಪಿಲ್ಲದೆ ಬಂದರೆ ಕೆಲಸ ಖಾಯಂ ಎಂದು ಪ್ರಿನ್ಸಿಪಾಲರು ಆಕೆಗೆ ಹೇಳಿದ್ದರು.

ನಮ್ಮ ಕಡೆ ರಿಜಿಸ್ಟರಿನಲ್ಲಿ ಅಡ್ಡಹೆಸರು, ಅಪ್ಪನ ಹೆಸರು, ಸ್ವಂತ ಹೆಸರು ಮೂರನ್ನೂ ಬರೆಯುವ ರೂಢಿ. ಆಕೆ ಮೂರನ್ನು ಬೇರೆಬೇರೆ ತುಂಬುತ್ತಿದ್ದಳು; ನನ್ನ ಪ್ರೋಗ್ರಾಂ ಅವನ್ನು ಒಂದರ ಹಿಂದೊಂದು ನಕಲು ಮಾಡಿ ಕೂಡಿಸುತ್ತಿತ್ತು. ಕೂಡಿದ ಹೆಸರಿಗೆ ಮೂವತ್ತು ಇಂಗ್ಲಿಷ್ ಅಕ್ಷರದ ಜಾಗ. ಅದಕ್ಕೆ ಅಂಟಿಕೊಂಡೇ ಫಲಿತಾಂಶದ ಜಾಗ. ಮೂವತ್ತು ಯಾಕೆ? ನನ್ನ ಹೆಸರು ಹದಿನೇಳಕ್ಕೆ ಮುಗಿಯುತ್ತಿತ್ತು.

"ಅಡ್ಡೆಸರು ಪೂರಾ ಹೊಡೀಲೇನ್ರಿ ಸರ? ಕೆಲವರದು ರೈಲಿನಂಗ ಉದ್ದ ಅದಾವು" ಎಂದು ಆಕೆ ಕೇಳಿದಳು.

"ಹೊಡೀರಿ ಅಕ್ಕಾರ, ಎಷ್ಟಿದ್ರೂ ಹಿಡೀತೈತಿ."

"ಒಂದೊಂದ್ಸಲ ರೈಲಿಗೂ ಪ್ಲಾಟ್‌ಫಾರಂ ಸಾಲಂಗಿಲ್ರಿ."

ನಕ್ಕುಬಿಟ್ಟೆ.

ಪಟ್ಟಿ ನೋಟಿಸ್ ಬೋರ್ಡಿಗೆ ಏರಿತು. ಉಚ್ಚಂಗಿದುರ್ಗದ ಒಬ್ಬ ಹುಡುಗಿಯ ಸಾಲಿನಲ್ಲಿ, ಪಾಸ್ ಎಂದಿರಬೇಕಾದ ಕಡೆ ಅವಳ ಹೆಸರಿನ ಕೊನೆಯ ಎರಡಕ್ಷರ ಕೂತಿದ್ದವು. ಇನ್ನೂ ನಾಲ್ಕೈದು ಸಾಲು ಹಾಗೆಯೇ.

"ಇದೇನ್ರಿ, ಪಾಸೋ ಫೇಲೋ?" ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು.

"ಹೊಡಿಯೋವಾಗ ಅಕ್ಕಾರ ಬೆರಳು ಪಕ್ಕದ ಮನಿಗೆ ಹೋಗ್ಯಾವ್ರಿ" ಎಂದೆ ನಾನು.

"ನಾ ನೋಡೇ ಹೊಡದೀನ್ರಿ" ಎಂದಳು ಆಕೆ. ಒಂದೇ ಸಲ.

ಆಗ ನನಗೆ ನಿಜ ಗೊತ್ತಿತ್ತೇ? ಇರಲಿಲ್ಲ ಎಂದು ಬಹಳ ವರ್ಷ ಹೇಳಿಕೊಂಡೆ. ಅನುಮಾನವಂತೂ ಇತ್ತು. ಸಿ ಭಾಷೆಯ ನಕಲು ಮಾಡುವ, ಕೂಡಿಸುವ ಆಜ್ಞೆಗಳು ಜಾಗವಿದೆಯೇ ಎಂದು ಕೇಳುವುದಿಲ್ಲ. ಪದದ ಕೊನೆಯ ಗುರುತಾದ ಸೊನ್ನೆ ಸಿಗುವವರೆಗೆ ಬರೆಯುತ್ತಲೇ ಹೋಗುತ್ತವೆ. ಜಾಗ ತೀರಿದರೆ ಪಕ್ಕದ್ದನ್ನು ತುಳಿಯುತ್ತವೆ. ಮರುದಿನ ಆ ಹುಡುಗಿಯ ಹೆಸರನ್ನು ಬೆರಳಲ್ಲಿ ಎಣಿಸಿದೆ. ನಡುವಿನ ಖಾಲಿ ಜಾಗ ಸೇರಿ ಮೂವತ್ತೆರಡು.

ತಿದ್ದಿದೆ. ಜಾಗ ಹಿಗ್ಗಿಸಿದೆ. ಕೂಡಿಸುವ ಮೊದಲು ಉದ್ದ ಅಳೆದು, ಸೊನ್ನೆಗೂ ಒಂದು ಜಾಗ ಉಳಿಸಿ, ಹಿಡಿಯದಿದ್ದರೆ ಅಲ್ಲೇ ನಿಂತು ತಿಳಿಸುವಂತೆ ಮಾಡಿದೆ. ಹೊಸ ಪಟ್ಟಿ ಸರಿಯಾಗಿ ಬಂತು. ಪ್ರಿನ್ಸಿಪಾಲರು ಬೆನ್ನು ತಟ್ಟಿ ಚಹಾ ತರಿಸಿದರು. ತಪ್ಪು ನನ್ನದಾಗಿತ್ತು ಎಂದು ಆಗಲಾದರೂ ಹೇಳಬಹುದಿತ್ತು. ಚಹಾ ಕುಡಿದೆ. ಮುಂದಿನ ತಿಂಗಳು ಕಾಲೇಜಿನವರು ಆಕೆಯನ್ನು ಕೆಲಸಕ್ಕೆ ಕರೆಯಲಿಲ್ಲ.

ಕೆಲವು ತಿಂಗಳ ಮೇಲೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆ ಎದುರಾದಳು.

"ಈಗ ಎಷ್ಟಿದ್ರೂ ಹಿಡೀತೈತೇನ್ರಿ ಸರ?"

ಹೀಗೇ ಕೇಳಿದಳೋ, ಇಷ್ಟು ವರ್ಷಗಳಲ್ಲಿ ನಾನೇ ಕೂಡಿಸಿಕೊಂಡೆನೋ, ಹೇಳಲಾರೆ. "ಹ್ಞೂಂ" ಎಂದು ಹರಪನಹಳ್ಳಿ ಬಸ್ಸು ಹತ್ತಿದವನು ಮಾತ್ರ ನಾನೇ.