ಮೇಸ್ತ್ರಿಯ ಮ್ಯಾಜಿಕ್

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಮೊಮ್ಮಗಳು ನನ್ನ ಕೈ ಬಿಡಿಸಿಕೊಂಡು ಓಡಿ, ಎರಡು ಬಾಗಿಲುಗಳ ನಡುವೆ ತನ್ನ ಪುಟ್ಟ ಕೈ ಚಾಚಿದಳು. ಬಾಗಿಲು ಅವಳನ್ನು ಮುಟ್ಟುವ ಮೊದಲೇ ನಿಂತು ಹಿಂದಕ್ಕೆ ಸರಿಯಿತು. "ಅಜ್ಜಿ, ಮ್ಯಾಜಿಕ್!" ಎಂದು ಅವಳು ನನ್ನ ಕಡೆ ತಿರುಗಿ ನಗುವಷ್ಟರಲ್ಲಿ ನಾನು ಅವಳ ರಟ್ಟೆ ಹಿಡಿದು ಎಳೆದುಬಿಟ್ಟಿದ್ದೆ. ಮಗು ನೋವಿಗೆ ಅತ್ತಿತು. ಮನೆಗೆ ಬಂದ ಮೇಲೆ ಮಗಳು, "ಲಿಫ್ಟಲ್ಲಿ ಸೆನ್ಸರ್ ಇರುತ್ತೆ ಕಣಮ್ಮ, ಏನೂ ಆಗಲ್ಲ" ಎಂದಳು. ಸೆನ್ಸರ್ ಇರುತ್ತದೆಂದು ನನಗೆ ಗೊತ್ತಿಲ್ಲವೇ? ಗೊತ್ತಿರುವುದಕ್ಕೇ ಎಳೆದದ್ದು...

ಬ್ರೂಕ್‌ಫೀಲ್ಡಿನ ಈ ಮನೆಯಲ್ಲಿ ಮ್ಯಾಜಿಕ್ ಎಂಬ ಪದಕ್ಕೆ ಬರವಿಲ್ಲ. ಮಗಳು ದಿನವಿಡೀ ಲ್ಯಾಪ್‌ಟಾಪಿನ ಮುಂದೆ ಕೂತು, "ನಾಳೆವರೆಗೆ ಟೈಮ್ ಕೊಡಿ, ಏನಾದ್ರೂ ಮ್ಯಾಜಿಕ್ ಮಾಡ್ತೀವಿ" ಎಂದು ಯಾರಿಗೋ ಸಮಾಧಾನ ಹೇಳುತ್ತಿರುತ್ತಾಳೆ. ಟೀವಿಯಲ್ಲಿ ಕರೆ ತೆಗೆಯುವ ಸೋಪೂ ಮ್ಯಾಜಿಕ್ಕೇ. ನನಗೆ ಮಾತ್ರ ಅದು ಕಿವಿಗೆ ಬಿದ್ದಾಗಲೆಲ್ಲ ಪೀಣ್ಯದ ಒಂದು ತಗಡಿನ ಶೆಡ್ಡು, ಕಾದ ಎಣ್ಣೆಯ ವಾಸನೆ, ಖಾಕಿ ಅಂಗಿಯ ಒಬ್ಬ ಮನುಷ್ಯ ನೆನಪಾಗುತ್ತಾರೆ. ನಾವೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು.

ನಾನು ದಾವಣಗೆರೆ ಕಡೆಯವಳು. ಯಜಮಾನರು ತೀರಿಕೊಂಡ ಮೇಲೆ ಮಗಳನ್ನು ಓದಿಸಬೇಕಲ್ಲ ಎಂದು ಆ ಶೆಡ್ಡಿಗೆ ಸೇರಿದ್ದೆ. ಅಲ್ಲಿ ತಗಡಿನ ಹಾಳೆಗಳನ್ನು ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ ಕಾರುಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಮಾಡುತ್ತಿದ್ದರು. ಪ್ರೆಸ್ಸಿನ ಎದುರಿನ ಮೇಜಿನ ಬಳಿ ನಿಂತು, ಅಳತೆಗೆ ಬಾರದ ತುಂಡುಗಳನ್ನು ಕೆಂಪು ಡಬ್ಬಿಗೆ ಎಸೆಯುವುದು ನನ್ನ ಕೆಲಸ. ನನ್ನ ಬಾಯಿಗೆ ಹೆದರಿ ಶೆಡ್ಡಿನಲ್ಲಿ ಯಾರೂ ಎದುರಾಡುತ್ತಿರಲಿಲ್ಲ, ಮೇಸ್ತ್ರಿಯೊಬ್ಬರನ್ನು ಬಿಟ್ಟು. ಅವರದು ಅಲ್ಲೇ ಪಕ್ಕದ ಊರು. ಊರು ಎನ್ನಲು ಉಳಿದದ್ದು ಒಂದು ಮಾರಮ್ಮನ ಗುಡಿ, ನಾಲ್ಕು ಬೀದಿ ಅಷ್ಟೇ, ಸುತ್ತಲೂ ಶೆಡ್ಡುಗಳು. ಅವರೂ ಅವರ ತಮ್ಮನೂ ಒಂದೇ ಗೋಡೆಯ ಆಚೀಚೆ ಮನೆ ಮಾಡಿಕೊಂಡಿದ್ದರು.

ಶೆಡ್ಡಿನಲ್ಲಿ ಮ್ಯಾಜಿಕ್ ಎನ್ನುವುದು ಒಳ್ಳೆಯದಕ್ಕೆ ಇಟ್ಟ ಹೆಸರು. ಹೊಸ ಅಚ್ಚು ಕೂರಿಸಿದ ಮೇಲೆ ಮೊದಲ ತುಂಡೇ ಅಳತೆಗೆ ಸರಿಯಾಗಿ ಬಂದರೆ ಮೇಸ್ತ್ರಿ ಅದನ್ನು ನನ್ನ ಮೂಗಿನ ಮುಂದೆ ಹಿಡಿದು "ಮ್ಯಾಜಿಕ್!" ಎನ್ನುತ್ತಿದ್ದರು. ಹೋದ ಕರೆಂಟು ಅವರು ಬೈದು ಮುಗಿಸುವ ಮೊದಲೇ ಬಂದರೆ ಅದೂ ಮ್ಯಾಜಿಕ್. ಕೆಟ್ಟದ್ದಕ್ಕೆ ಬೇರೆ ಮಾತುಗಳಿದ್ದವು. ಅಚ್ಚು ಮೇಲಿಂದ ಮೇಲೆ ಮುರಿದರೆ ಯಾರೋ ಮಾಟ ಮಾಡಿಸಿದ್ದಾರೆ. ಆರ್ಡರ್ ಕೈತಪ್ಪಿದರೆ ದೃಷ್ಟಿ ಬಿದ್ದಿದೆ. ಅಮಾವಾಸ್ಯೆಗೆ ಬಾಗಿಲಲ್ಲಿ ಬೂದುಗುಂಬಳ ಒಡೆಯುವಾಗ ಓನರ್ ಕೈಮುಗಿದು ನಿಲ್ಲುತ್ತಿದ್ದರು, ನಾನೂ ನಿಲ್ಲುತ್ತಿದ್ದೆ. ನಾನೇನು ದೊಡ್ಡ ವಿಚಾರವಾದಿಯಲ್ಲ. ಮಗಳಿಗೆ ಜ್ವರ ಬಂದಾಗ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದವಳೇ.

ಹೀಗಿರುವಾಗ ಆ ದೊಡ್ಡ ಪ್ರೆಸ್ಸಿಗೆ ಬೆಳಕಿನ ಪರದೆ ಬಂತು. ನಮ್ಮಿಂದ ಮಾಲು ಕೊಳ್ಳುವ ಕಂಪನಿಯವರು ಹಠ ಹಿಡಿದು ಹಾಕಿಸಿದ್ದು. ಪ್ರೆಸ್ಸಿನ ಎರಡೂ ಪಕ್ಕದಲ್ಲಿ ಹಳದಿ ಬಣ್ಣದ ಒಂದೊಂದು ಕಂಬ. ಎರಡರ ನಡುವೆ ಕಣ್ಣಿಗೆ ಕಾಣದ ಬೆಳಕು. ಅದಕ್ಕೆ ಏನಾದರೂ ಅಡ್ಡ ಬಂದರೆ ಪ್ರೆಸ್ ಅಲ್ಲೇ ನಿಲ್ಲಬೇಕು. ಮೇಸ್ತ್ರಿ ಮೊದಲು ಪೊರಕೆ ಕಡ್ಡಿ ಹಾಕಿದರು, ನಿಂತಿತು. ಊಟದ ಡಬ್ಬಿಯ ಸೌತೆಕಾಯಿ ಹಾಕಿದರು, ನಿಂತಿತು. ಒಂದು ವಾರ ಹೀಗೆ ಆಟವಾಡಿ, ಕೊನೆಗೆ ತಮ್ಮ ಬಲಗೈಯನ್ನೇ ಹಾಕಿದರು... ಪ್ರೆಸ್ ಗಾಳಿಯಲ್ಲಿ ತಡೆದು ನಿಂತಿತು. ಅವತ್ತು ಅವರ ಮುಖ ನೋಡಬೇಕಿತ್ತು.

ಆಮೇಲೆ ಅದೊಂದು ಪದ್ಧತಿಯೇ ಆಯಿತು. ಯಾರಾದರೂ ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ದಿನ ಅವರನ್ನು ಪ್ರೆಸ್ಸಿನ ಮುಂದೆ ನಿಲ್ಲಿಸಿ, "ಮ್ಯಾಜಿಕ್ ನೋಡು ಬಾ ಮಗಾ" ಎಂದು ಪೆಡಲ್ ತುಳಿದು ಕೈ ಹಾಕಿ ತೋರಿಸುವುದು. ಕೆಲಸಕ್ಕೆ ಬರುವವರು ರಾಯಚೂರಿನವರು, ಒಡಿಶಾದವರು, ಬಿಹಾರದವರು. ಬೆರಳು ಕಳೆದುಕೊಂಡವರ ಕಥೆಗಳನ್ನು ಕೇಳಿಕೊಂಡೇ ಬಂದಿರುತ್ತಿದ್ದರು, ಪ್ರೆಸ್ಸಿನ ಸದ್ದಿಗೇ ಅವರ ಕೈ ನಡುಗುತ್ತಿತ್ತು. ನಡುಗುವ ಕೈಯೇ ಅಚ್ಚಿನೊಳಗೆ ಸಿಕ್ಕಿಕೊಳ್ಳುವುದು ಎಂದು ಮೇಸ್ತ್ರಿ ಹೇಳುತ್ತಿದ್ದರು. ಎಷ್ಟೋ ಜನರ ಭಾಷೆ ಮೇಸ್ತ್ರಿಗೆ ಬಾರದು, ಮೇಸ್ತ್ರಿಯದು ಅವರಿಗೆ ಬಾರದು. ಈ ಆಟಕ್ಕೆ ಭಾಷೆ ಬೇಕಿರಲಿಲ್ಲ.

ನಾನು ಸುಮ್ಮನಿರುವವಳಲ್ಲ. "ಕೋಲು ಹಾಕಿ ತೋರಿಸ್ರೀ ಮೇಸ್ತ್ರಿ, ಕೈಯೇ ಯಾಕೆ ಬೇಕು?" ಎಂದು ಎಷ್ಟು ಸಲ ಜಗಳವಾಡಿದೆನೋ. ಅವರು ನಗುತ್ತಿದ್ದರು. "ಕೋಲು ಆಕಿದ್ರೆ, ಈ ಮುದುಕ್ನಿಗೇ ನಂಬ್ಕೆ ಇಲ್ಲ ಅಂತ ಅವ್ರಿಗೆ ತಿಳ್ದೋಯ್ತದೆ ಮೇಡಮ್ಮ" ಎಂದರು ಒಮ್ಮೆ. ನಾನು ಮೇಜಿಗೆ ತಿರುಗಿ ತುಂಡು ಅಳೆಯುತ್ತಾ ನಿಂತೆ.

ಅವತ್ತು ಸೋಮವಾರ. ಶನಿವಾರ ಮೇಸ್ತ್ರಿ ರಜೆ ಹಾಕಿದ್ದರು, ಊರಿನಲ್ಲಿ ಯಾರದೋ ಮದುವೆ. ಬೆಳಿಗ್ಗೆ ಇಬ್ಬರು ಹೆಂಗಸರು ಹೊಸದಾಗಿ ಸೇರಿದರು. ಬೊಮ್ಮನಹಳ್ಳಿಯ ಗಾರ್ಮೆಂಟಿನಲ್ಲಿ ಕೆಲಸ ಹೋದ ಮೇಲೆ ಇತ್ತ ಮನೆ ಮಾಡಿದ್ದವರು. ಪ್ರೆಸ್ ನೋಡಿ ಒಬ್ಬಳಂತೂ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ಬಾರವ್ವ, ಎದ್ರಬ್ಯಾಡ" ಎಂದು ಮೇಸ್ತ್ರಿ ಕರೆದರು. ಕಂಬಗಳಲ್ಲಿ ಎಂದಿನ ಹಸಿರು ದೀಪ ಉರಿಯುತ್ತಿತ್ತು. ಅವರು ಅವಳ ಕಡೆ ನೋಡುತ್ತಲೇ ಪೆಡಲ್ ತುಳಿದು ಕೈ ಹಾಕಿದರು.

ಪ್ರೆಸ್ ನಿಲ್ಲಲಿಲ್ಲ.

ಮೇಸ್ತ್ರಿಯ ಬಾಯಿಂದ ಕೂಗು ಕೂಡ ಹೊರಡಲಿಲ್ಲ. ಆ ಹೆಂಗಸು ಇದೂ ಆಟದಲ್ಲಿ ಸೇರಿದ್ದೆಂದು ತಿಳಿದು ಚಪ್ಪಾಳೆ ತಟ್ಟಿದಳು... ಆ ಚಪ್ಪಾಳೆಯ ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಅವಳದೇನೂ ತಪ್ಪಿರಲಿಲ್ಲ, ಪಾಪ. ಅವಳು ಮರುದಿನ ಕೆಲಸಕ್ಕೆ ಬರಲಿಲ್ಲ.

ಮೇಸ್ತ್ರಿಯನ್ನು ಆಸ್ಪತ್ರೆಗೆ ಕರೆದೊಯ್ದ ಮೇಲೆ ನಮ್ಮ ಎಲೆಕ್ಟ್ರಿಷಿಯನ್ ಮೆಲ್ಲಗೆ ಪ್ರೆಸ್ಸಿನ ಹಿಂದಿನ ಪೆಟ್ಟಿಗೆ ತೆರೆದು, ಗೇಣುದ್ದದ ಒಂದು ಕೆಂಪು ತಂತಿ ಕಿತ್ತು ಜೇಬಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ. ಹೋಗಿ ಅವನ ಅಂಗಿ ಹಿಡಿದೆ. ಅವನು ಅತ್ತುಬಿಟ್ಟ. ಎಣ್ಣೆಹೊಗೆ ಕೂತು ಪರದೆ ಸುಮ್ಮಸುಮ್ಮನೆ ಪ್ರೆಸ್ ನಿಲ್ಲಿಸುತ್ತಿತ್ತಂತೆ. ಅವಸರದ ಆರ್ಡರ್ ಇತ್ತಂತೆ. ಅದಕ್ಕೆ ಶನಿವಾರ ಆಫೀಸಿನವರು ಈ ತಂತಿ ಹಾಕಿ ಪರದೆಯ ಕೆಲಸ ತಪ್ಪಿಸಲು ಹೇಳಿದರಂತೆ, ದೀಪ ಉರಿದರೂ ಪ್ರೆಸ್ ನಿಲ್ಲದ ಹಾಗೆ. "ಹಾಕು ಅಂದ್ರು, ಹಾಕ್ದೆ ಮೇಡಂ. ಮೇಸ್ತ್ರಿಗೆ ಅವ್ರೇ ಹೇಳಿರ್ತಾರೆ ಅಂದ್ಕೊಂಡೆ" ಎಂದ. ಆ ವಾರವೇ ಅವನು ಊರು ಬಿಟ್ಟ.

ತನಿಖೆಗೆ ಬಂದ ಅಧಿಕಾರಿಗೆ ನಾನು ತಂತಿಯ ವಿಷಯವನ್ನೆಲ್ಲ ಹೇಳಿದೆ. ಅವರು ತಾವೇ ಒಂದು ಕೋಲು ತೆಗೆದುಕೊಂಡು ಪರದೆಗೆ ಅಡ್ಡ ಹಿಡಿದರು. ಪ್ರೆಸ್ ನಿಂತಿತು. "ನಿಲ್ತಲ್ಲಮ್ಮ" ಎಂದರು. ಓನರ್ ಹತ್ತಿರ ಹೋದರೆ, "ನೀವು ಪೀಸ್ ನೋಡೋರು, ಪೀಸ್ ನೋಡ್ಕೊಳ್ಳಿ" ಎಂದು ಬಾಗಿಲು ತೋರಿಸಿದರು. ಮರುದಿನವೇ ಎಲ್ಲಿಂದಲೋ ಮಂತ್ರವಾದಿಯೊಬ್ಬ ಬಂದ. ಪ್ರೆಸ್ಸಿಗೆ ನಿಂಬೆಹಣ್ಣಿನ ಸರ ಬಿತ್ತು. ಮಾಟದ ದೋಷವಿದೆ, ಆದರೆ ಅದು ಶೆಡ್ಡಿಗಲ್ಲ, ಆ ಮನುಷ್ಯನ ಮೇಲೇ ಆಗಿರುವುದು ಎಂದು ಅವನು ಹೇಳಿ ಹೋದ. ಎಲ್ಲರಿಗೂ ಸಮಾಧಾನವಾಯಿತು. ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಮಾಡುವುದು? ತಿಂಗಳ ಕೊನೆಗೆ ನನ್ನನ್ನೂ ಕೆಲಸದಿಂದ ಬಿಡಿಸಿದರು.

ಮಂತ್ರವಾದಿಯ ಮಾತು ಮೇಸ್ತ್ರಿಯ ಮನೆ ತಲುಪಲು ತಡವಾಗಲಿಲ್ಲ. ಯಾರು ಮಾಡಿಸಿರಬಹುದು ಎಂದು ಹುಡುಕಿದರೆ ಸಿಕ್ಕಿದ್ದು ಗೋಡೆಯಾಚೆಯ ತಮ್ಮ. ಅವಘಡಕ್ಕೆ ಸ್ವಲ್ಪ ಮೊದಲು ಇಬ್ಬರಿಗೂ ಒಂದು ಚರಂಡಿಯ ವಿಷಯಕ್ಕೆ ಜಗಳವಾಗಿತ್ತು. ಆಗ ತಮ್ಮ, ನಾಲ್ಕು ಜನರ ಎದುರು "ನಿನ್ ಕೈ ಸೇದೋಗ!" ಎಂದು ಬೈದಿದ್ದರು. ಕೈ ಹಾಳಾಗಿ ಹೋಗಲಿ ಎಂದು ಹಳ್ಳಿಯ ಕಡೆ ದಿನಕ್ಕೆ ಹತ್ತು ಸಲ ಕೇಳುವ ಬೈಗುಳ ಅದು. ತಾಯಂದಿರು ಮಕ್ಕಳಿಗೇ ಅನ್ನುತ್ತಾರೆ. ಆದರೆ ಮೇಸ್ತ್ರಿಯ ಬಲಗೈ ಮಣಿಕಟ್ಟಿನವರೆಗೆ ಹೋಗಿತ್ತಲ್ಲ... ಅಲ್ಲಿಂದ ಎರಡು ಮನೆಗಳ ನಡುವೆ ಮಾತಿಲ್ಲ, ನೀರಿಲ್ಲ.

ನಾನು ಅವರ ಮನೆಗೆ ಹೋಗಿ ಕೂತು ತಂತಿಯ ವಿಷಯವನ್ನು ಬಿಡಿಸಿ ಹೇಳಿದೆ. ತಮ್ಮನದು ಏನೂ ಇಲ್ಲ ಮೇಸ್ತ್ರಿ, ಅವರನ್ನು ಕರೆಸಿ ಮಾತಾಡಿ ಎಂದು ಕೈಮುಗಿದೆ. ಅವರು ಬಟ್ಟೆ ಸುತ್ತಿದ ಮೊಂಡುಗೈಯನ್ನು ಮಡಿಲಿಗೆ ಎಳೆದುಕೊಂಡರು.

"ಮಾಟ ಮಾಡ್ಸೋನು ನನ್ನ ಎಸ್ರಾದ್ರೂ ಏಳಿರ್ತಾನೆ, ನನ್ನ ಅವ್ವನ ಎಸ್ರೂ ಏಳಿರ್ತಾನೆ" ಎಂದರು. "ನೀವೇಳೋದು ದಿಟ ಆದ್ರೆ, ಆ ತಂತಿ ಆಕೋವಾಗ ಯಾರ್ಗೂ ನನ್ನ ಗ್ಯಾನನೇ ಇರ್ಲಿಲ್ಲ. ಇಪ್ಪತ್ತೊರ್ಸ ದುಡ್ದೆ ಅಲ್ಲಿ. ಅದ್ಕಿಂತ ಮಾಟನೇ ವಾಸಿ ಬುಡಿ ಮೇಡಮ್ಮ."

ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಅದೇ ಮಾತು ತೆಗೆಯುತ್ತಿದ್ದೆ, ಅವರು ಎಡಗೈಯಲ್ಲಿ ಕಾಫಿ ಲೋಟ ಮುಂದಕ್ಕೆ ಸರಿಸುತ್ತಿದ್ದರು. ತೋಳಿನಲ್ಲಿ ತಾಯತಗಳು ಹೆಚ್ಚುತ್ತಾ ಹೋದವು. ಗೋಡೆಯಾಚೆ ತಮ್ಮನ ಕೆಮ್ಮು ನಮಗೆ ಕೇಳಿಸುತ್ತಿತ್ತು.

ಈ ಬೇಸಿಗೆಯಲ್ಲಿ ಮೇಸ್ತ್ರಿ ತೀರಿಕೊಂಡರು. ಸುದ್ದಿ ತಿಳಿದು ಓಡಿ ಹೋದೆ. ತಮ್ಮನ ನೆರಳೂ ತನ್ನ ಮೇಲೆ ಬೀಳಕೂಡದೆಂದು ಹೇಳಿ ಸತ್ತಿದ್ದರಂತೆ. ಅದಕ್ಕೆ ತಮ್ಮ, ರಸ್ತೆಯ ಎದುರು ಬದಿಯ ಅಂಗಡಿಯೊಂದರ ಮುಂದೆ ಹೆಗಲ ಟವೆಲ್ಲಿನ ತುದಿ ಬಾಯಿಗಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡು ರಸ್ತೆ ದಾಟಿ ಬಂದರು.

"ನೀವು ಕಣ್ಣಾರೆ ನೋಡ್ದೋರು. ಏಳಿ, ನಾನಂದಿದ್ದು ತಾಗ್ತಾ?"

ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಅಲ್ಲೇ ನಿಂತು, ಆಫೀಸಿನವರು ಹೇಳಿದ್ದು, ಶನಿವಾರ ತಂತಿ ಹಾಕಿದ್ದು, ಸೋಮವಾರ ಕಿತ್ತದ್ದು ಎಲ್ಲ ಹೇಳಿದೆ. ಈ ಮನುಷ್ಯನಾದರೂ ಹಗುರವಾಗಲಿ ಎಂದು ಆಸೆಯಿಂದ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಮುಖದ ಬಣ್ಣವೇ ಇಳಿದುಹೋಯಿತು.

"ನಾನ್ ಬೈದಿದ್ದೂ ಅದೇ ಶನಿವಾರ ಮೇಡಮ್ಮ. ಮದ್ವೆ ಮನೇಲಿ."

ಹೇಳದೆ ಇದ್ದಿದ್ದರೆ ಚೆನ್ನಾಗಿತ್ತೇನೋ... ಗೊತ್ತಿಲ್ಲ. ಮೇಸ್ತ್ರಿಯನ್ನು ಎತ್ತಿಕೊಂಡು ಹೋಗುವಾಗ ತಮ್ಮ ಮತ್ತೆ ರಸ್ತೆ ದಾಟಿ ಆಚೆ ಬದಿಯಲ್ಲೇ, ಬಹಳ ಹಿಂದೆ ನಡೆದು ಹೋದರು. ನಾನು ಬಸ್ಸು ಹತ್ತಿ ಮನೆಗೆ ಬಂದೆ. ದಾರಿಯುದ್ದಕ್ಕೂ ಅತ್ತೆ.

ಈಗ ಆಗಾಗ ಆ ತಮ್ಮನ ಫೋನ್ ಬರುತ್ತದೆ. ಊಟ ಆಯ್ತಾ ಎನ್ನುತ್ತಾರೆ, ಮೊಮ್ಮಗಳು ಹೇಗಿದ್ದಾಳೆ ಎನ್ನುತ್ತಾರೆ, ಆಮೇಲೆ ಮೆಲ್ಲಗೆ ಆ ಪ್ರಶ್ನೆಗೆ ಬರುತ್ತಾರೆ. ತಂತಿ ಹಾಕಿದ್ದು ಬೆಳಿಗ್ಗೆಯೋ, ಮಧ್ಯಾಹ್ನವೋ? ಅವರು ಬೈದದ್ದು ಮದುವೆ ಊಟದ ಹೊತ್ತಿಗೆ. ಅದಕ್ಕೆ ಮೊದಲೇ ತಂತಿ ಹಾಕಿದ್ದರೆ ಅವರ ಮಾತು ಅದಕ್ಕೆ ತಾಗಿರಲಾರದು. ನನಗೆ ಗೊತ್ತಿಲ್ಲ. ಗೊತ್ತಿರುವ ಎಲೆಕ್ಟ್ರಿಷಿಯನ್ ಎಲ್ಲಿದ್ದಾನೋ ಅದೂ ಗೊತ್ತಿಲ್ಲ. ಮೇಸ್ತ್ರಿಯಂತೂ ಹೋದರು, ಅವರಿಗೆ ನನ್ನಿಂದ ಏನೂ ಆಗಲಿಲ್ಲ. ಇವರಾದರೂ ಉಳಿಯಲಿ ಎಂದು ಮೊನ್ನೆ ಧೈರ್ಯ ಮಾಡಿ ಸುಳ್ಳು ಹೇಳಿದೆ. ಬೆಳಿಗ್ಗೆಯೇ ಹಾಕಿದ್ದು ಎಂದೆ, ನನಗೆ ಚೆನ್ನಾಗಿ ನೆನಪಿದೆ ಎಂದೆ.

ಆ ಕಡೆ ಅವರ ಮನೆಯ ಪಕ್ಕದಲ್ಲಿ ಎಲ್ಲೋ ಪ್ರೆಸ್ ಬಡಿಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ಬೆಳಗ್ಗೆ ಮನ್ಸಲ್ಲಿ ಅಂದ್ಕಂಡಿದ್ದೆ ಮೇಡಮ್ಮ" ಎಂದರು. "ಬಾಯ್ಬುಟ್ಟು ಅಂದಿದ್ದು ಮದ್ಯಾನ."