ಹೆಬ್ಬೆರಳಿನ ಕಡೆಗೆ ತಿರುಗಿಸು

ಚೆನ್ನೈಗೆ ಬಂದ ಮೊದಲ ವಾರ, ಕೋಡಂಬಾಕ್ಕಂನ ಒಂದು ತಾರಸಿಯ ಮೇಲೆ, ಅರವತ್ತು ದಾಟಿದ ಹೆಂಗಸೊಬ್ಬರು ನನ್ನ ಕೈಗೆ ಬಿದಿರಿನ ಕೋಲು ಕೊಟ್ಟು "ಅಡಿ!" ಎಂದರು. ನಾನು ಬಗ್ಗಿ ಕೋಲಿನ ಅಡಿ ನೋಡಿದೆ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ತಮಿಳಿನಲ್ಲಿ ಅಡಿ ಎಂದರೆ ಹೊಡೆ.

ಅವರು ಸೆಲ್ವಿಯಮ್ಮ, ನಾನು ಬಾಡಿಗೆಗಿದ್ದ ಮನೆಯ ಒಡತಿ. ಬೆಳಿಗ್ಗೆ ತಾರಸಿಯಲ್ಲಿ ಸಿಲಂಬಂ, ಅಂದರೆ ಕೋಲಿನ ಕಾಳಗ, ಕಲಿಸುತ್ತಾರೆ. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಒಬ್ಬಳೇ ಬಂದಿದ್ದೆ. ಧಾರವಾಡದಲ್ಲಿ ಓಣಿ ದಾಟುವುದರೊಳಗೆ ನಾಲ್ಕು ಮಂದಿ ಮಾತಾಡಿಸುತ್ತಿದ್ದರು. ಇಲ್ಲಿ ಭಾನುವಾರವಿಡೀ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆ ಮೌನಕ್ಕೆ ಹೆದರಿ ಕೋಲು ಹಿಡಿದೆ.

ಫೋನಿನಲ್ಲಿ ಅವ್ವ ಸಿಟ್ಟಾದಳು. "ನಲವತ್ತೆರಡಕ್ಕ ಕೋಲು ತಿರುಗಸ್ತಿಯೇನ? ಮಂದಿ ನಗ್ತಾರ."

"ನಗಲಿ ಬಿಡವಾ," ಅಂದೆ.

ಎರಡು ತಿಂಗಳು ಒಂದೇ ಪಾಠ. ಓರೆಯಾಗಿ ಒಂದು ಹೆಜ್ಜೆ ಇಟ್ಟು, ಮಣಿಕಟ್ಟು ತಿರುಗಿಸಿ, ಕೋಲಿನಿಂದ ಗಾಳಿಯಲ್ಲಿ ಸಣ್ಣ ಸುತ್ತು ಹಾಕುವುದು. ನೋಡಲು ಚಂದ ಅಂತ ಇಟ್ಟಿರಬೇಕು ಅಂದುಕೊಂಡಿದ್ದೆ.

ಬಡಾವಣೆಯ ಪೊಂಗಲ್ ಕಾರ್ಯಕ್ರಮಕ್ಕೆ ತಾಲೀಮು ಶುರುವಾದಾಗ ಹಿರಿಯ ಶಿಷ್ಯ ಮುರುಗನ್ ಹೇಳಿದ: "ಸಂಡೈ ನಾಂಗ ಪೋಡುವೋಂ. ಮೇಡಂ, ನೀಂಗ ಸುಮ್ಮಾ ಸುತ್ತುಂಗ, ಪೋದುಂ." ಕಾದಾಟ ನಮ್ಮದು, ನೀವು ಸುಮ್ಮನೆ ಕೋಲು ತಿರುಗಿಸಿ, ಸಾಕು.

ಮೈ ಉರಿಯಿತು. ಆಗುವುದಿಲ್ಲ ಎಂದೆ. ಅವನು ನಗುತ್ತಾ ನನ್ನ ಕೋಲಿನ ತುದಿಯನ್ನು ಒಂದೇ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಎಳೆದೆ, ಬಿಡಲಿಲ್ಲ. ಮತ್ತೆ ಎಳೆದೆ, ನಾನೇ ಮುಗ್ಗರಿಸಿದೆ.

"ಇಳುಕ್ಕಾದಮ್ಮಾ!" ಸೆಲ್ವಿಯಮ್ಮ ಕೂತಲ್ಲಿಂದಲೇ ಕೂಗಿದರು. "ಕಟ್ಟೈವಿರಲ್ ಪಕ್ಕಂ ತಿರುಪ್ಪು!" ಎಳೆಯಬೇಡ, ಹೆಬ್ಬೆರಳಿನ ಕಡೆಗೆ ತಿರುಗಿಸು.

ಆಗ ಹೊಳೆಯಿತು. ಮುಷ್ಟಿ ಎಷ್ಟೇ ಬಿಗಿಯಾಗಿರಲಿ, ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂಟಿ. ಹಿಡಿತ ಸಡಿಲುವುದು ಅಲ್ಲೇ. ಓರೆಯಾಗಿ ಹೆಜ್ಜೆಯಿಟ್ಟೆ, ಅವನ ಇನ್ನೊಂದು ಕೈಗೆ ನಾನು ಎಟುಕದಾದೆ. ಮಣಿಕಟ್ಟು ತಿರುಗಿಸಿದೆ. ಕೋಲು ಅವನ ಮುಷ್ಟಿಯಿಂದ ಜಾರಿ ಅವನ ಎದೆಯ ಮುಂದೆ ನಿಂತಿತು. ಎರಡು ತಿಂಗಳು ನಾನು ಗಾಳಿಯಲ್ಲಿ ಬಿಡಿಸುತ್ತಿದ್ದದ್ದು ಇದನ್ನೇ!

"ಇನ್ನೊರು ತಡವೆ," ಎಂದ ಮುರುಗನ್. ಇನ್ನೊಮ್ಮೆ. ಇನ್ನೂ ಬಿಗಿಯಾಗಿ ಹಿಡಿದ. ಮತ್ತೆ ಬಿಡಿಸಿಕೊಂಡೆ.

"ನಾನುಂ ಸಂಡೈ ಪೋಡುವೇನ್," ಎಂದೆ. ನಾನೂ ಕಾದುತ್ತೇನೆ.

ಪೊಂಗಲ್ ದಿನ ವೇದಿಕೆಯಲ್ಲಿ ಮುರುಗನ್‌ಗೇ ಎದುರಾದೆ. ಸೋತೆ. ಬೆರಳು ಬದನೆಕಾಯಿಯಂತೆ ಊದಿತು. ಬ್ಯಾಂಕಿನಲ್ಲಿ ಕೇಳಿದವರಿಗೆಲ್ಲ ಆ ಬೆರಳನ್ನು ಎತ್ತಿ ತೋರಿಸಿದೆ.

ಯುಗಾದಿಗೆ ಧಾರವಾಡಕ್ಕೆ ಹೋದಾಗ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದೆ. "ಒಣ್ಣು, ರೆಂಡು, ಮೂಣು..."

ಅವ್ವ ಹೊಸ್ತಿಲಲ್ಲಿ ನಿಂತು ಕೇಳಿದಳು, "ಕನ್ನಡದಾಗ ಎಣಸಾಕ ಬರೂದಿಲ್ಲೇನ ನಿನಗ?"

ಎಣಿಸಿ ನೋಡಿದೆ. ಮೂರಕ್ಕೇ ಹೆಜ್ಜೆ ತಪ್ಪಿತು. "ಕಾಲು ಕೇಳವಲ್ವು ಅವ್ವಾ," ಅಂದೆ.

ಚೆನ್ನೈಯಲ್ಲಿ ಏಟು ಬಿದ್ದರೆ ಮಾತ್ರ ಬಾಯಿಂದ ಇವತ್ತಿಗೂ "ಯವ್ವಾ!" ಎಂದೇ ಹೊರಡುತ್ತದೆ. ತಿದ್ದಲು ಬಂದವರಿದ್ದಾರೆ. ನಾನು ತಿದ್ದಿಕೊಂಡಿಲ್ಲ.